ಒಂದೇ ಎದೆಯ ಹಾಲು

ನನ್ನ ತಂಗಿ ನಮಕಾವ್‌ಳ ಬಲಭುಜದ ಹುಟ್ಟುಮಚ್ಚೆ ಮೊದಲು ಕಂಡೂ ಕಾಣದಂತಿತ್ತು. ಮೈ ನೆರೆದ ಮೇಲೆ ಅದು ಕಪ್ಪೇರಿ ಎದೆಗಿಳಿಯಿತು; ಮೇಲೆ ಒರಟು ಕೂದಲು ಬಂತು. ಆ ಕಡೆಯ ಮೊಲೆ ಬೆಳೆಯಲೇ ಇಲ್ಲ. ಬಯಲಿಗೆ ಜಾಂಬೆಜಿ ನದಿಯ ನೆರೆ ಬಂದಾಗ ಹುಡುಗಿಯರೆಲ್ಲ ನೀರಿಗಿಳಿದರೆ ಇವಳು ಕತ್ತು ಮುಚ್ಚುವ ರವಿಕೆ ತೊಟ್ಟು ದೋಣಿ ಕಾಯುತ್ತಿದ್ದಳು.

ಮೀನು ಮಾರುವ ಮುಬಿಟಾ ಅವಳನ್ನು ಮದುವೆಯಾದ. ಅವಳು ಅಳುತ್ತಾ ಮಚ್ಚೆ ತೋರಿಸಿದಾಗ, "ಇಷ್ಟೇನಾ? ಇನ್ನೊಬ್ಬ ಗಂಡ ಇದಾನೆ ಅಂತೀಯೇನೋ ಅಂದ್ಕೊಂಡಿದ್ದೆ" ಅಂದನಂತೆ.

ಹೆಣ್ಣು ಮಗು ಹುಟ್ಟಿತು. ಲಿಸೆಲಿ ಎಂದು ಹೆಸರಿಟ್ಟರು. ಮಗು ಅತ್ತಾಗಲೆಲ್ಲ ನಮಕಾವ್‌ಳ ಅತ್ತೆಗೆ ಸಂಕಟ.

"ಒಂದು ಕಡೆ ಗಂಡಸಿನ ಎದೆ, ಹಾಲೆಲ್ಲಿಂದ ಬರ್ಬೇಕು? ಕೂಸು ಅರೆಹೊಟ್ಟೇಲಿ ಸಾಯ್ತಿದೆ ಕಣೇ. ಎದೆ ಬಿಡಿಸಿ ಗಂಜಿ ಕುಡಿಸು."

ನಮಕಾವ್ ನಂಬಿದಳು. ಮೆಕ್ಕೆಜೋಳದ ತೆಳು ಗಂಜಿ ಕುಡಿಸಿದಳು. ಆ ವರ್ಷದ ನೆರೆ ಇಳಿಯುವ ಮೊದಲೇ ಮಗು ಭೇದಿ ಹತ್ತಿ ತೀರಿಕೊಂಡಿತು. ಮಣ್ಣು ಮಾಡಿ ಬಂದ ಮೇಲೂ ಅವಳ ರವಿಕೆಯ ಎಡಭಾಗ ಒದ್ದೆಯಾಗುತ್ತಿತ್ತು.

ಶಾಪವೆಂದು ಅವಳು ಮಂಕಾಗಿ ಕೂತದ್ದು ನೋಡಲಾಗದೆ ನಾನು ರಾಜಧಾನಿ ಲುಸಾಕಾದ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ.

"ಎಲ್ಲಾ ಹೆಂಗಸರ ಮೈಯಲ್ಲೂ ಗಂಡಸಿನ ಹಾರ್ಮೋನು ಸ್ವಲ್ಪ ಇದ್ದೇ ಇರುತ್ತಮ್ಮ," ಎಂದರು ಅವರು. "ಅದನ್ನ ಹಿಡ್ಕೊಳ್ಳೋ ಕೊಂಡಿಗಳು ಈ ಮಚ್ಚೆಯ ಚರ್ಮದಲ್ಲಿ ಜಾಸ್ತಿ. ಅದಕ್ಕೇ ಕೂದಲು, ಅದಕ್ಕೇ ಈ ಕಡೆ ಬೆಳೆದಿಲ್ಲ. ಮಾಟಾನೂ ಅಲ್ಲ, ಶಾಪಾನೂ ಅಲ್ಲ."

"ಹಾಲು?" ಎಂದು ತಂಗಿ ಕೇಳಿದಳು.

"ಇನ್ನೊಂದು ಚೆನ್ನಾಗಿದೆಯಲ್ಲ. ಒಂದು ಮಗುವಿಗೆ ಅದು ಧಾರಾಳ. ಮಕ್ಕಳಾದ್ರೆ ಹೆದರ್ಬೇಡಿ."

ಅವರಿಗೆ ಲಿಸೆಲಿಯ ವಿಷಯ ಗೊತ್ತಿರಲಿಲ್ಲ. ನಗುತ್ತಲೇ ಹೇಳಿದರು.

"ಮತ್ತೆ ಅಷ್ಟೊಂದು ಅಳ್ತಿತ್ತಲ್ಲ?" ಎಂದಳು ನಮಕಾವ್.

"ಕೂಸುಗಳು ಅಳ್ತವಮ್ಮ."

ಹೊರಗೆ ಬೆಂಚಿನ ಮೇಲೆ ಕೂತು ರವಿಕೆಯ ಗುಂಡಿ ಹಾಕಿಕೊಳ್ಳಲು ಹೋದಳು. ಆಗಲಿಲ್ಲ, ನಾನೇ ಹಾಕಿದೆ.

"ಶಾಪ ಅಂದ್ಕೊಂಡಿದ್ದಾಗಲೇ ಚೆನ್ನಾಗಿತ್ತು ಅಕ್ಕ," ಎಂದಳು.

ಮೊಂಗು ಊರಿನ ಮನೆಗೆ ಹಿಂದಿರುಗಿದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ್ರಮ್ಮ?"

ತಂಗಿ ಎಲ್ಲವನ್ನೂ ಅತ್ತೆಯ ಮುಖಕ್ಕೆ ಎಸೆಯುತ್ತಾಳೆ ಅಂದುಕೊಂಡೆ.

"ಔಷಧಿ ಇಲ್ವಂತೆ ಅತ್ತೆ," ಎಂದು ನಮಕಾವ್ ಮರಗೆಣಸು ಸುಲಿಯಲು ಕೂತಳು.

ಆಮೇಲೆ ಯಾಕೆಂದು ನಾನು ಕೇಳಲಿಲ್ಲ. ಮಗುವನ್ನು ಹೂತ ಗುಂಡಿಯ ಪಕ್ಕ ಆ ಮುದುಕಿ ಬಿದ್ದು ಹೊರಳಾಡಿದ್ದನ್ನು ನಾವಿಬ್ಬರೂ ನೋಡಿದ್ದೆವು.