ನೀರೂ ಮುಟ್ಟದ ರೇಣುಕವ್ವ

ಏನನ್ನಾದರೂ ಕೇಳಲು ಹೋದ ಮನೆಯಲ್ಲಿ ರೇಣುಕವ್ವ ಅಂದಿನ ಮಟ್ಟಿಗೆ ನೀರನ್ನೂ ಮುಟ್ಟುತ್ತಿರಲಿಲ್ಲ. ಬೆಟಗೇರಿಯ ಉರಿಬಿಸಿಲಿನಲ್ಲಿ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, ಹಿಂದಿನಿಂದ ಯಾರೋ ಕರೆದಾರು ಎಂಬಂತೆ ಬಿರಬಿರನೆ ನಡೆದು ಬಂದು, ಹೊಸ್ತಿಲ ಹೊರಗೇ ನಿಂತು ಕೇಳುವಳು. ಒಮ್ಮೆ ಹೊಲಿಗೆಯಂತ್ರದ ಸೂಜಿ ಮುರಿದು ಪಕ್ಕದ ಮನೆಗೆ ಹೋದಾಗ ಹಾಜಿರಾಬಿ ಶರಬತ್ತು ಮುಂದೆ ಹಿಡಿದಳು.

“ಮೊದ್ಲು ಸೂಜಿ ಕೊಡಬೇ. ಶರಬತ್ತು ನಾಳಿ ಕುಡೀತೇನಿ.”

“ನನ್ನ ಶರಬತ್ತೇನು ಲಂಚ ಐತೇನ? ದೊಡ್ಡ ಸಾಹೇಬರು ಬಂದಾರ ನೋಡು!”

ಮರುದಿನ ಶರಬತ್ತಿಗೆಂದೇ ಹೋಗಿ ಎರಡು ಲೋಟ ಕುಡಿದು ಬಂದಳು. ಉಣಿಸಿದ ಮೇಲೆ ಇಲ್ಲವೆನ್ನಲು ಯಾರಿಗೂ ನಾಲಿಗೆ ಏಳುವುದಿಲ್ಲ; ಎದುರಿನವರಿಗೆ ಇಲ್ಲವೆನ್ನುವ ದಾರಿಯನ್ನು ತೆರೆದಿಟ್ಟೇ ಕೇಳಬೇಕು ಎಂಬುದು ಆಕೆಯ ಸಿದ್ಧಾಂತ. ಅದರಲ್ಲಿ ಸೂಕ್ಷ್ಮವಾದ ಸೌಜನ್ಯವಿತ್ತು.

ಶಾಲಾ ಸಮವಸ್ತ್ರ ಹೊಲಿದು ಆಕೆ ಬದುಕಿದ್ದಳು. ಮದುವೆಯಾಗಲಿಲ್ಲ. ತಮ್ಮ ಗವಿಸಿದ್ದೇಶನನ್ನು ಓದಿಸಿ, ಅವನೊಡನೆ ಜಂಟಿಯಾಗಿ ಸಾಲ ತೆಗೆದು ಮನೆ ಕಟ್ಟಿಸಿದಳು. ತಮ್ಮನಿಗೆ ಮುಂಡರಗಿಯಲ್ಲಿ ನೌಕರಿ ಸಿಕ್ಕಿ, ಮದುವೆಯಾದ ಮೇಲೆ ಅವನು ಈ ಮನೆ ಮಾರೋಣವೆಂದ. ಈಕೆ ಒಲ್ಲೆನೆಂದಳು. ಮಾತಿಗೆ ಮಾತು ಬೆಳೆದು ಅವನು ಬರುವುದನ್ನೇ ಬಿಟ್ಟ. ಕಂತನ್ನೆಲ್ಲ ತಾನೇ ಕಟ್ಟುತ್ತ, ಅವನಿಗೆಂದು ಕಟ್ಟಿಸಿದ ಕೋಣೆಯನ್ನು ದಿನವೂ ಗುಡಿಸುತ್ತ ಈಕೆ ಉಳಿದಳು. ಒಬ್ಬಳಿಗೆ ಅಡುಗೆ ಮಾಡುವ ಅಳತೆ ಮಾತ್ರ ಕೈಗೆ ಹತ್ತಲಿಲ್ಲ. ಅನ್ನ ಯಾವಾಗಲೂ ಮಿಗುತ್ತಿತ್ತು.

ಕೆಲವು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ವರ್ಷದ ಮಟ್ಟಿಗೆ ಯಂತ್ರ ಮುಟ್ಟಬಾರದೆಂದರು ಡಾಕ್ಟರು. ಕಂತು ತಪ್ಪತೊಡಗಿದಾಗ ಬ್ಯಾಂಕಿನ ವಸೀಮ ಉಪಾಯ ಹೇಳಿದ: “ಒಂದ್ ವರ್ಷ ಬರೇ ಬಡ್ಡಿ ಕಟ್ರಿ, ಅಸಲು ಹಂಗ ಇರ್ತೈತಿ. ಆಮ್ಯಾಲ ಕಂತು ಹೆಚ್ಚಾಗತೈತಿ, ತಿಳೀತಲ್ರೀ? ಆದ್ರ ನಿಮ್ಮ ತಮ್ಮನ ಸಹಿನೂ ಬೇಕು.”

ಸಹಿ ಸಿಗದಿದ್ದರೆ ಮನೆ ಉಳಿಯುವಂತಿರಲಿಲ್ಲ. ಆಕೆ ಮುಂಡರಗಿಯ ಬಸ್ಸು ಹತ್ತಿದಳು.

ಬಾಗಿಲು ತೆರೆದ ತಮ್ಮನ ಹೆಂಡತಿ ವಿದ್ಯಾಶ್ರೀ ಕ್ಷಣಕಾಲ ಬೆರಗಾಗಿ, “ಅಯ್ಯ, ಅಕ್ಕಾರು! ಬರ್ರಿ, ಕೈಕಾಲು ತೊಳಕೋರಿ” ಎಂದು ಒಳಗೋಡಿ ಬಿಸಿ ರೊಟ್ಟಿ, ಎಣಗಾಯಿ ತಂದಿಟ್ಟಳು. ಗವಿಸಿದ್ದೇಶ ತಾನೇ ಚಾಪೆ ಹಾಸಿದ. ಅವನ ಕಣ್ಣು ತೇವವಾಗಿತ್ತು. ರೇಣುಕವ್ವ ತಟ್ಟೆಯನ್ನು ನೋಡಿದಳು. ಉಂಡರೆ ಇವನು ಇಲ್ಲವೆನ್ನಲಾರ. ಹಾಗೆ ಕಟ್ಟಿಹಾಕಿ ಪಡೆದದ್ದು ತನಗೆ ಬೇಡ. ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕಾಗದ ಬಿಚ್ಚಿದಳು.

“ಊಟ ಇವತ್ತ ಬ್ಯಾಡಪಾ. ಇದಕ್ಕ ನಿನ್ನ ಸಹಿ ಬೇಕಾಗೇತಿ. ಮನಸ್ಸಿಲ್ಲಂದ್ರ ಇಲ್ಲನ್ನು.”

ಅವನು ಪಕ್ಕಕ್ಕೆ ಸರಿದ ತಟ್ಟೆಯನ್ನು ನೋಡಿದ.

“ಉಣ್ಣದ ಕೇಳೂದು ಮಂದಿ ಮನಿಯಾಗ ಅಲ್ಲೇನಕ್ಕಾ?”

ಅವನು ಕಾಗದವನ್ನು ಓದದೆಯೇ ಸಹಿ ಮಾಡಿದ. ವಿದ್ಯಾಶ್ರೀ ತಟ್ಟೆಯನ್ನು ಒಳಗೊಯ್ದಳು. ನಾಳೆ ಉಣ್ಣುತ್ತೇನೆ ಎನ್ನುವ ಮಾತು ರೇಣುಕವ್ವನ ಬಾಯಿಯವರೆಗೆ ಬಂದಿತ್ತು. ಅದಕ್ಕೆ ಇಂದು ಇಲ್ಲೇ ಉಳಿ ಎಂದು ಅವನು ಅನ್ನಬೇಕಿತ್ತು. ಅವನು ಚಪ್ಪಲಿ ಮೆಟ್ಟಿ, “ಬಸ್ಸಿಗೆ ಹೊತ್ತಾಕ್ಕೈತಿ, ನಡಿ” ಎಂದ.

ಬ್ಯಾಂಕು ಒಂದು ವರ್ಷದ ಮಟ್ಟಿಗೆ ಅಸಲಿಗೆ ಬಿಡುವು ಕೊಟ್ಟಿದೆ. ಮಣಿಕಟ್ಟು ಕೂಡುತ್ತಿದೆ. ಮುಂಡರಗಿಯಿಂದ ಯಾರೂ ಬಂದಿಲ್ಲ.

ಯಾರಿಗೂ ಭಾರವಾಗಬಾರದೆಂದು ಜೀವಮಾನವೆಲ್ಲ ಎಚ್ಚರದಿಂದ ನಡೆಯುವ ಜನ ಎಲ್ಲ ಊರಿನಲ್ಲೂ ಇದ್ದಾರೆ. ಪರರು ಅವರನ್ನು ಗೌರವಿಸುತ್ತಾರೆ. ಆ ಗೌರವಕ್ಕೆ ಅವರು ಅರ್ಹರೂ ಹೌದು. ಆದರೆ ನಮ್ಮ ಮೇಲೆ ಸಲುಗೆಯಿಂದ ಒಂದಿಷ್ಟು ಭಾರ ಹೊರಿಸಲಿ ಎಂದು ಸ್ವಂತದವರು ಕಾದಿರುತ್ತಾರೆ ಎಂಬುದನ್ನು ಆ ಎಚ್ಚರ ಅವರಿಗೆ ಕಾಣಗೊಡುವುದಿಲ್ಲ. ಅದು ಕಂಡಾಗಲೂ, ಇನ್ನೊಮ್ಮೆ ಹೋಗಿ ಆ ಚಾಪೆಯ ಮೇಲೆ ಕೂಡುವುದು ಹೇಗೆಂದು ಅವರಿಗೆ ತಿಳಿಯುವುದಿಲ್ಲ.