ಆಕ್ಸಿಯೋಸ್ ನದಿಯ ಈಚೆ ದಡ

"ಆ ಕತ್ತಿ ಅಲ್ಲೇ ಇರ್ಲಿ, ಇಳಿಸ್ಬೇಡ," ಎಂದ ಲಿಮ್ನಾಯೋಸ್. ಮಗಳು ಅದೇಯಾ ಅಟ್ಟದತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಬೆಳಿಗ್ಗೆ ಅವಳೇ ಸುಟ್ಟ ರೊಟ್ಟಿ ಮೇಜಿನ ಮೇಲೆ ಆರುತ್ತಿತ್ತು. ಗಂಡು ಬಂದು ಅದನ್ನು ಕತ್ತಿಯಿಂದ ಎರಡು ಮಾಡಬೇಕು, ಇಬ್ಬರೂ ಒಂದೊಂದು ತುಂಡು ತಿನ್ನಬೇಕು. ತಿಂದರೆ ಮದುವೆ ಆದಂತೆ. ಮಕೆದೋನಿಯದ ಯಾವ ಅರಸನೂ ಅಂಥ ಮದುವೆಯನ್ನು ಮುರಿದದ್ದಿಲ್ಲ. ಆದರೆ ಅರಸ ಈಗ ರೋಮಿನವರ ಸೆರೆಯಾಳು. ಅವರು ನಾಡನ್ನು ನಾಲ್ಕು ಭಾಗ ಮಾಡಿ, ಆಕ್ಸಿಯೋಸ್ ನದಿಯನ್ನು ಒಂದು ಗಡಿಯಾಗಿಸಿದ್ದರು. ನದಿಯ ಆಚೆಯವರಿಗೂ ಈಚೆಯವರಿಗೂ ಮದುವೆ ನಡೆಯುವಂತಿಲ್ಲ. ಒಂದು ದಡದವರಿಗೆ ಇನ್ನೊಂದು ದಡದಲ್ಲಿ ನೆಲವೂ ಇರುವಂತಿಲ್ಲ. ಹತ್ತು ದಿನದ ಹಿಂದೆ ಸಂತೆಯಲ್ಲಿ ಕೂಗಿ ಹೇಳಿದ್ದರು. ಅದೇಯಾಗೆ ಗೊತ್ತುಮಾಡಿದ್ದ ದೆರ್ದಾಸ್ ಆಚೆ ದಡದವನು.

"ಊಟ ಹಾಕಿ ಆಮೇಲೆ ಹೇಳಣ್ಣ," ಎಂದಳು ಸೋದರತ್ತೆ ಕ್ಲೈನೋ. "ಹಸಿದ ಹೊಟ್ಟೇಲಿ ಹುಡುಗೀನ ಬಿಡು ಅಂದ್ರೆ ಯಾವ ಗಂಡಸು ಕೇಳ್ತಾನೆ?"

ದೆರ್ದಾಸ್ ಮಧ್ಯಾಹ್ನ ದೋಣಿ ಇಳಿದು ಒಬ್ಬನೇ ಬಂದ. ಮೊಣಕಾಲವರೆಗೂ ಒದ್ದೆ, ಹೆಗಲಿಗೊಂದು ಚೀಲ.

"ವಿಷ್ಯ ಗೊತ್ತಲ್ಲಪ್ಪ," ಎಂದ ಲಿಮ್ನಾಯೋಸ್. "ತಪ್ಪು ನಿಂದಲ್ಲ, ನಂದೂ ಅಲ್ಲ."

"ಗೊತ್ತು ಮಾವ. ದ್ರಾಕ್ಷಿ ತೋಟ ತಮ್ಮಂಗೆ ಬಿಟ್ಟೆ. ಇನ್ಮೇಲೆ ನಾನು ಈ ದಡದವನು. ಇಲ್ಲಿನ ಹಿರಿಯರ ಹತ್ರ ಹೆಸರು ಬರೆಸಿ ಬಂದೆ."

"ನಿಮ್ಮಪ್ಪ ನೆಟ್ಟ ತೋಟ ಅದು."

"ಹೌದು."

"ಮನೆ ಅಳಿಯ ಅಂತ ಊರೋರು ಆಡ್ಕೋತಾರೆ ಕಣೋ," ಎಂದಳು ಕ್ಲೈನೋ.

"ಊರೋರು ಯಾಕೆ, ನೀವೇ ಶುರು ಮಾಡಿದ್ರಲ್ಲ ಅತ್ತೆ."

ಕ್ಲೈನೋ ನಕ್ಕಳು. ಲಿಮ್ನಾಯೋಸ್ ನಗಲಿಲ್ಲ. "ನಾಳೆ ಬೇಜಾರಾದ್ರೆ? ಆ ನೆಲ ಮತ್ತೆ ನಿಂಗೆ ಸಿಗಲ್ಲ."

ಅದೇಯಾ ಮಣೆ ಎಳೆದು ಹತ್ತಿ, ಕತ್ತಿ ಇಳಿಸಿ, ಸೆರಗಿನಲ್ಲಿ ಧೂಳು ಒರೆಸಿ ರೊಟ್ಟಿಯ ಪಕ್ಕದಲ್ಲಿಟ್ಟಳು. ಅಪ್ಪ ತಡೆಯಲಿಲ್ಲ. ದೆರ್ದಾಸನ ಎದುರು ಅವಳು ಈವರೆಗೆ ಮಾತಾಡಿದವಳಲ್ಲ.

"ದೋಣಿ ಇನ್ನೂ ಹೋಗಿಲ್ಲ," ಎಂದಳು ನೆಲ ನೋಡುತ್ತ. "ಯೋಚ್ನೆ ಮಾಡಿ ಕೊಯ್ಯಿರಿ."

ಅವನು ತಿರುಗಿ ನದಿಯ ಕಡೆ ಒಮ್ಮೆ ನೋಡಿದ. ಆಮೇಲೆ ಕತ್ತಿ ಎತ್ತಿಕೊಂಡು ರೊಟ್ಟಿಯನ್ನು ನಡುವೆ ಕೊಯ್ದ. ದೊಡ್ಡ ತುಂಡು ಅವಳ ಕಡೆ ಸರಿಸಿ, ತನ್ನದನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದ. ಅವಳೂ ತಿಂದಳು. ತೆರೆದ ಬಾಗಿಲಿನಾಚೆ, ಎದುರು ದಡದಲ್ಲಿ, ಯಾರೋ ದ್ರಾಕ್ಷಿ ಬಳ್ಳಿಯಿಂದ ಸವರಿದ ಕಡ್ಡಿಗಳನ್ನು ಸುಡುತ್ತಿದ್ದರು. ಹೊಗೆ ನೀರಿನ ಮೇಲೆ ತಗ್ಗಾಗಿ ಹರಿದು ಈಚೆಗೆ ಬರುತ್ತಿತ್ತು.