ಬಲಗಡೆಯ ಸೀಟು

ಬದರಿನಾಥ ಏನನ್ನಾದರೂ ಹೊಗಳಿದರೆ ನನಗೆ ಸಂಶಯ ಶುರುವಾಗುತ್ತದೆ. ಮೈಸೂರಿನ ಮನುಷ್ಯ, ಮಾತು ಬೆಣ್ಣೆ. ನನ್ನ ಗಂಡ ಕೊರಗಪ್ಪನವರಿಗೆ ಮೆಲ್ಬರ್ನ್‌ನಲ್ಲಿ ಇರುವ ಒಬ್ಬನೇ ಗೆಳೆಯ. ಇವರು ಈಗಷ್ಟೇ ರಿಟೈರ್ ಆದವರು, ತಮಗೆಂದು ಜನ್ಮದಲ್ಲಿ ಆಸೆಪಟ್ಟದ್ದು ಒಂದೇ: ಹಳೆಯ ಅಮೆರಿಕನ್ ಕಾರು. ಅದರಲ್ಲಿ ಯಾರಾದರೂ ಇವರಿಗೆ ಟೋಪಿ ಹಾಕಿದರೆ ನಾನು ಬಿಡುವವಳಲ್ಲ, ಗೆಳೆಯನಾದರೂ ಸರಿ.

ಮೊದಲು ಸಿಡ್ನಿಗೆ ಹೋದೆವು. ಬ್ಲ್ಯಾಕ್‌ಟೌನ್‌ನಲ್ಲಿ ಐವತ್ತೇಳರ ಶೆವರ್ಲೆ. ಹಿಂದೆ ರೆಕ್ಕೆ, ಉದ್ದಕ್ಕೂ ಕ್ರೋಮ್, ಸೋಫಾದಂಥ ಸೀಟು. ಮದುವೆಗೆ ಹೊರಟ ದೊಡ್ಡತ್ತೆಯ ಗತ್ತು. ಸ್ಟೀರಿಂಗ್ ಇಲ್ಲಿನ ಎಲ್ಲ ಕಾರುಗಳ ಹಾಗೆ ಬಲಗಡೆ. ಮಾರುವವನು ತುಕ್ಕು ಹಿಡಿದ ಜಾಗವನ್ನೆಲ್ಲ ತಾನಾಗಿ ತೋರಿಸಿದ. ಅವನ ಮೇಲೂ ಸಂಶಯ ಬಂತು, ಆದರೆ ಕಾರು ಮನಸ್ಸಿಗೆ ಹಿಡಿಸಿತು. ಬದರಿಗೆ ಫೋಟೋ ಕಳಿಸಿ ಫೋನ್ ಮಾಡಿದೆ.

"ಫೋಟೋ ಏನ್ ನೋಡೋದು ಅತ್ತಿಗೆ? ಅದು ಆನೆ. ಡ್ಯಾಂಡಿನಾಂಗ್‌ನಲ್ಲಿರೋದು ಕುದುರೆ!"

ಮೆಲ್ಬರ್ನ್‌ಗೆ ಮರಳಿದ ಮೇಲೆ ಬದರಿಯ ಜೊತೆ ಹೋಗಿ ಆ ಕುದುರೆಯನ್ನೂ ನೋಡಿದೆವು. ಅರವತ್ತೆಂಟರ ಮಸ್ಟಾಂಗ್. ಉದ್ದ ಮೂತಿ, ಗಿಡ್ಡ ಬಾಲ, ನಿಂತಲ್ಲೇ ಓಡುವ ಅವಸರ. ಸ್ಟೀರಿಂಗ್ ಅಮೆರಿಕದಿಂದ ಬಂದ ಹಾಗೇ ಎಡಗಡೆ. ಶೆಡ್ಡಿನಲ್ಲಿ ಮಾರುವವರು ಯಾರೂ ಇರಲಿಲ್ಲ, ಕೀ ಬದರಿಯ ಜೇಬಿನಲ್ಲಿತ್ತು. ಅದು ಹೇಗೆ?

"ಒಬ್ರೇ ಓನರ್ ಅತ್ತಿಗೆ. ಬಿಳೀ ಅಜ್ಜ. ಮಳೇಲಿ ಹೊರಗೇ ತೆಗೆದಿಲ್ಲ," ಎಂದು ಬದರಿ ಬಾನೆಟ್ ಸವರಿದರು. ಕಣ್ಣು ಮಾತ್ರ ಎಲ್ಲೋ ಇತ್ತು. ಸುಳ್ಳು ಹೇಳುವವರು ಹೀಗೇ, ಮುಖ ಕೊಟ್ಟು ಮಾತಾಡುವುದಿಲ್ಲ.

ಬಗ್ಗಿ ನೋಡಿದೆ. ಮುಂಭಾಗದ ಲೋಹದ ಕುದುರೆಯ ಕಾಲಿನ ಸಂದಿಯಲ್ಲಿ ಕೆಂಪು ಪುಡಿ. ಉಗುರಿನಲ್ಲಿ ಕೆರೆದು ಮೂಸಿದೆ. ಕುಂಕುಮ! ಬಿಳಿ ಅಜ್ಜ ಆಯುಧಪೂಜೆ ಮಾಡಿದ್ದನೇನು?

ಗಂಡನನ್ನು ಹೊರಗೆಳೆದೆ. "ಇದು ಬದರಿಯದ್ದೇ ಕಾರು ಮಾರಾಯ್ರೆ! ನಿಮ್ಮ ತಲೆಗೆ ಕಟ್ತಾ ಇದ್ದಾರೆ."

"ಗೊತ್ತುಂಟು. ಆ ಪೂಜೆಗೆ ಕುಂಬಳಕಾಯಿ ಒಡೆದದ್ದು ನಾನೇ. ಹೆಂಡತಿಗೆ ಹೇಳದೆ ತಗೊಂಡು ಇಲ್ಲಿ ಇಟ್ಟಿದ್ದ."

ಮೈಯೆಲ್ಲ ಉರಿಯಿತು. "ಹಾಗಾದ್ರೆ ನೀವೂ ಸೇರಿ ನನ್ನನ್ನು ಮಂಗ ಮಾಡಿದ್ದಾ?"

"ಮೆಲ್ಲ ಮಾತಾಡು. ಅವನ ಕಣ್ಣು ಹೋಗ್ತಾ ಉಂಟು. ಇನ್ನು ಡ್ರೈವ್ ಮಾಡ್ಲಿಕ್ಕಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಯಾರಿಗೂ ಹೇಳ್ಲಿಕ್ಕೆ ಅವನಿಗೆ ನಾಚಿಕೆ."

ನೋಡದ ಫೋಟೋ, ಎಲ್ಲೋ ಇದ್ದ ಕಣ್ಣು. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಆದ್ರೂ ಶೆವರ್ಲೆ ಒಳ್ಳೆಯದಿತ್ತು," ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಒಳ್ಳೆಯದೇ. ಆದ್ರೆ ಅದ್ರಲ್ಲಿ ಅವನು ಎಡಗಡೆ ಕೂರಬೇಕು. ಇದ್ರಲ್ಲಿ ಎಡಗಡೆ ನಾನು ಓಡಿಸ್ತೇನೆ, ಅವನು ಬಲಗಡೆ."

ಒಳಗೆ ಹೋಗಿ ಜೋರಾಗಿಯೇ ಹೇಳಿದೆ: "ಬದರಿಯವ್ರೇ, ಒಂದು ರೌಂಡ್ ಹೋಗುವಾ. ನೀವು ಬಲಗಡೆ ಕೂತ್ಕೊಳ್ಳಿ."

ಇವರು ಎಡಗಡೆ ಸ್ಟೀರಿಂಗ್ ಹಿಡಿದರು, ಹಿಂದಿನ ಸೀಟಿನಲ್ಲಿ ನಾನು ಮಂಡಿ ಮಡಚಿಕೊಂಡು ಕೂತೆ. ಸಿಗ್ನಲ್ಲಿನಲ್ಲಿ ಬಲಗಡೆ ಬಂದು ನಿಂತ ಯೂಟ್ ಅನ್ನುವ ಪಿಕಪ್ ಗಾಡಿಯವನು ಬದರಿಯತ್ತ ಹೆಬ್ಬೆರಳು ಎತ್ತಿ, "ನೈಸ್ ಕಾರ್, ಮೇಟ್!" ಎಂದು ಕೂಗಿದ. ಈ ದೇಶದಲ್ಲಿ ಬಲಗಡೆ ಕೂತವನೇ ಡ್ರೈವರ್. ಬದರಿ ಬೆನ್ನು ನೆಟ್ಟಗೆ ಮಾಡಿ, ದನಿ ಬಂದ ಕಡೆಗೆ ಕೈ ಬೀಸಿದರು.

ಆಮೇಲೆ ಕತ್ತು ಹಿಂದಕ್ಕೆ ವಾಲಿಸಿ ಮೆಲ್ಲಗೆ ಕೇಳಿದರು: "ಅತ್ತಿಗೆ, ಗ್ರೀನ್ ಬಂತಾ?"

"ಬಂತು ಬದರಿಯವ್ರೇ," ಎಂದೆ. "ಗಾಡಿ ಬಿಡಿ."